ಮನೆ ತುಮಕೂರು, ಕೆಲಸ ಪೀಣ್ಯ: ಉಳಿದಿದ್ದೆಷ್ಟು, ಕಳೆದಿದ್ದೆಷ್ಟು?

ತುಮಕೂರು ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯವನು ಬೆಳಗಿನ ಜಾವ ನಾಲ್ಕೂವರೆಗೇ ಒಲೆ ಹಚ್ಚುತ್ತಾನೆ. ಊರಿಗೆ ಊರೇ ಮಲಗಿರುವಾಗ ಇವನಿಗೇನಪ್ಪಾ ಅವಸರ ಎಂದು ಕೇಳಬೇಡಿ. ಐದೂವರೆ ಹೊಡೆಯುವಷ್ಟರಲ್ಲಿ ಮಫ್ಲರ್ ಸುತ್ತಿಕೊಂಡವರು, ಟಿಫನ್ ಬಾಕ್ಸ್ ಬ್ಯಾಗು ಹೆಗಲಿಗೆ ಹಾಕಿಕೊಂಡವರು, ಒದ್ದೆ ಕೂದಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಅರ್ಧ ಲೋಟ ಟೀ, ಒಂದು ಬನ್ನು. ಮಾತು ಕಡಿಮೆ. ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಇವರೆಲ್ಲ ತುಮಕೂರಿನಲ್ಲಿ ಮಲಗಿ ಬೆಂಗಳೂರಿನಲ್ಲಿ ದುಡಿಯುವ ಜನ. ಊರಿನವರು ಇವರಿಗೆ ಇಟ್ಟಿರುವ ಹೆಸರು ‘ಪಾಸಿನವರು’. ಮನೆ ಇಲ್ಲಿ, ಸಂಬಳ ಅಲ್ಲಿ. ಮಧ್ಯೆ ಎಪ್ಪತ್ತು ಕಿಲೋಮೀಟರು.

ಈ ಎಪ್ಪತ್ತು ಕಿಲೋಮೀಟರು ನಿಜವಾಗಿ ಲಾಭವೋ ನಷ್ಟವೋ ಎಂಬುದು ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ, ರೈಲಿನ ಬಾಗಿಲಲ್ಲಿ ದಿನಾ ನಡೆಯುವ ಚರ್ಚೆ. ಒಬ್ಬ ‘ಐದು ಸಾವಿರ ಉಳೀತು’ ಅಂದರೆ ಇನ್ನೊಬ್ಬ ‘ನಿದ್ದೆ ಹೋಯ್ತಲ್ಲ, ಅದಕ್ಕೇನು ರೇಟು?’ ಅನ್ನುತ್ತಾನೆ. ಇಬ್ಬರೂ ಪೂರ್ತಿ ಲೆಕ್ಕ ಹಾಕಿರುವುದಿಲ್ಲ. ಲೆಕ್ಕ ಹಾಕಿದವಳು ಉಪ್ಪಾರಹಳ್ಳಿಯ ಕಡೆ ಬಾಡಿಗೆ ಮನೆಯಲ್ಲಿರುವ ಒಬ್ಬ ಗೃಹಿಣಿ. ಮಗಳ ಹಳೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ, ಪೆನ್ಸಿಲ್‌ನಲ್ಲಿ.

ಯಜಮಾನರು ಪೀಣ್ಯದ ಒಂದು ಜಾಬ್‌ವರ್ಕ್ ಶೆಡ್ಡಿನಲ್ಲಿ ಟರ್ನರ್. ಒಂದೇ ಕಡೆ ಒಂಬತ್ತು ವರ್ಷ. ಈಕೆ ಅದೇ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವರು. ಲಗ್ಗೆರೆಯಲ್ಲಿ ಒಂದು ರೂಮು, ಒಂದು ಅಡುಗೆ ಮನೆ. ಬಾಡಿಗೆ 11,000, ಅಡ್ವಾನ್ಸು 1 ಲಕ್ಷ. ಮಕ್ಕಳಿಬ್ಬರು. ಊರಿನಲ್ಲಿ ಒಂಟಿಯಾಗಿದ್ದ ಅತ್ತೆಯನ್ನು ಕರೆಸಿಕೊಳ್ಳಬೇಕೆಂದರೆ ಕಾಲು ಚಾಚಲು ಜಾಗವಿಲ್ಲ. ಎರಡು ವರ್ಷದ ಹಿಂದೆ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದರು. ತುಮಕೂರಿನಲ್ಲಿ ಎರಡು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಗೆಯಲು ಕಲ್ಲು, ನುಗ್ಗೆಮರ. ಬಾಡಿಗೆ 6,000, ಅಡ್ವಾನ್ಸು 40,000. ಲಗ್ಗೆರೆಯಿಂದ ವಾಪಸು ಬಂದ ಅಡ್ವಾನ್ಸಿನಲ್ಲಿ ಮಿಕ್ಕ 60,000ದಿಂದ ಕೈಸಾಲ ತೀರಿತು. ತಿಂಗಳಿಗೆ 5,000 ಉಳಿತಾಯ. ಸಾಮಾನು ಟೆಂಪೋಗೆ ಏರಿಸಿದ ದಿನ ಮನೆಯವರೆಲ್ಲ ಹಬ್ಬದ ಹಾಗೆ ಖುಷಿಯಾಗಿದ್ದರು.

ಪೆನ್ಸಿಲ್ ಲೆಕ್ಕ

ಮೊದಲ ಖರ್ಚು ಓಡಾಟದ್ದು. ರೈಲಿನ ಪಾಸು ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಬಡವನಿಗೆ ಇಂಡಿಯಾದಲ್ಲಿ ಇಷ್ಟು ಅಗ್ಗವಾಗಿ ಸಿಗುವ ವಸ್ತು ಇನ್ನೊಂದಿಲ್ಲ ಎಂದು ಹಳೇ ಪಾಸಿನವರು ಎದೆ ತಟ್ಟಿ ಹೇಳುತ್ತಾರೆ. ಆದರೆ ಪೀಣ್ಯದ ಶೆಡ್ಡು ರೈಲು ಹಳಿಯ ಪಕ್ಕದಲ್ಲಿಲ್ಲ. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿ ಹಿಂದಕ್ಕೆ ಬರಬೇಕು. ಗೊರಗುಂಟೆಪಾಳ್ಯ, ಪೀಣ್ಯ, ಪೀಣ್ಯ ಇಂಡಸ್ಟ್ರಿ. ಮೆಟ್ರೋ ದರವೋ 2025ರ ಫೆಬ್ರವರಿಯಲ್ಲಿ ಒಂದೇ ಏಟಿಗೆ ಜಿಗಿಯಿತು. ಇಲ್ಲಿ ಸ್ಟೇಷನ್ನಿನಲ್ಲಿ ಸ್ಕೂಟರ್ ಸ್ಟ್ಯಾಂಡಿನ ದುಡ್ಡು, ಅಲ್ಲಿ ಟೀ, ಮಳೆ ಬಂದ ದಿನ ಶೇರ್ ಆಟೋ. ಈ ಮನೆಯ ಲೆಕ್ಕದಲ್ಲಿ ಎಲ್ಲ ಸೇರಿ ತಿಂಗಳಿಗೆ 2,100. ಉಳಿದ 5,000ದಲ್ಲಿ ಇದನ್ನು ಕಳೆದರೆ 2,900.

ಇನ್ನು ಹೊತ್ತಿನ ಲೆಕ್ಕ. ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟರೆ ಎಂಟೂ ಇಪ್ಪತ್ತೈದಕ್ಕೆ ಶೆಡ್ಡು. ಹೋಗಲು ಎರಡು ಗಂಟೆ ಹತ್ತು ನಿಮಿಷ, ಬರಲು ಅಷ್ಟೇ. ಗಾಡಿ ಸರಿಯಾಗಿ ಬಂದರೆ ಮಾತ್ರ. ದಿನಕ್ಕೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಲಗ್ಗೆರೆಯಲ್ಲಿದ್ದಾಗ ಸೈಕಲ್ ತುಳಿದು ಹೋಗಿ ಬರಲು ಐವತ್ತು ನಿಮಿಷ ಸಾಕಾಗಿತ್ತು. ಅಂದರೆ ಹೆಚ್ಚುವರಿ ಮೂರೂವರೆ ಗಂಟೆ. ತಿಂಗಳಿಗೆ 26 ದಿನ ಹಿಡಿದರೆ 91 ಗಂಟೆ. ಎಂಟು ಗಂಟೆಯ ಪಾಳಿ ಹನ್ನೊಂದಕ್ಕಿಂತ ಜಾಸ್ತಿ!

2,900 ರೂಪಾಯಿಯನ್ನು 91 ಗಂಟೆಗೆ ಭಾಗಿಸಿ. ಗಂಟೆಗೆ 32 ರೂಪಾಯಿ ಬೀಳುತ್ತದೆ. ಕಲ್ಪತರು ನಾಡು ಎಂದು ಹೆಸರು ಪಡೆದ ಈ ಜಿಲ್ಲೆಯಲ್ಲೇ ಆ ದುಡ್ಡಿಗೆ ಒಂದು ಎಳನೀರು ಬರುವುದಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆಕೆಯ ಪೆನ್ಸಿಲ್ ಇನ್ನೂ ಕೆಳಗೆ ಇಳಿದಿದೆ. ಗಾರ್ಮೆಂಟ್ಸಿನಲ್ಲಿ ಕೈಗೆ ಬರುತ್ತಿದ್ದ ಸಂಬಳ 11,000. ತುಮಕೂರಿಗೆ ಬಂದ ಮೇಲೂ ಕೆಲಸಕ್ಕೆ ಹೋಗಬಹುದಿತ್ತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಟಿಕೆಟ್ಟಿನ ದುಡ್ಡಿನ ಪ್ರಶ್ನೆಯೇ ಇಲ್ಲ. ಒಂದು ತಿಂಗಳು ಹೋಗಿಯೂ ನೋಡಿದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬಂದರೆ ಮಕ್ಕಳ ಜಡೆ ಹಾಕುವವರು ಯಾರು? ಅತ್ತೆಗೆ ಮಂಡಿನೋವು. ಎರಡನೇ ತಿಂಗಳು ಕೆಲಸ ಬಿಟ್ಟರು. ಈಗ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು, ಸೀರೆಗೆ ಫಾಲ್ಸು. ಮದುವೆ ಸೀಸನ್ನಿನಲ್ಲಿ ಕೈತುಂಬಾ, ಆಷಾಢದಲ್ಲಿ ನೊಣ ಹೊಡೆಯುವುದು. ಸರಾಸರಿ 4,000. ಅಲ್ಲಿಗೆ 7,000 ಖೋತಾ.

ಜಮೆಯ ಕಡೆಗೂ ಇಲ್ಲದಿಲ್ಲ. ಇಲ್ಲಿ ಸ್ಕೂಲ್ ಫೀಜು, ವ್ಯಾನು ಸೇರಿ ತಿಂಗಳಿಗೆ 1,500 ಕಡಿಮೆ. ಲಗ್ಗೆರೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಅಜ್ಜಿಗೆ ಕೊಡುತ್ತಿದ್ದ 1,500 ಈಗಿಲ್ಲ. ಎಲ್ಲ ಕೂಡಿ ಕಳೆದು ನೋಡಿದರೆ ತಿಂಗಳಿಗೆ 1,100 ರೂಪಾಯಿ ನಷ್ಟ. ಇದರಲ್ಲಿ ಯಜಮಾನರ ಓವರ್‌ಟೈಮ್ ಸೇರಿಲ್ಲ. ಲಗ್ಗೆರೆಯಲ್ಲಿದ್ದಾಗ ತಿಂಗಳಿಗೆ ಎರಡೂವರೆ ಸಾವಿರದಷ್ಟು ಓ.ಟಿ. ಬರುತ್ತಿತ್ತು. ಈಗ ಐದೂವರೆಗೆ ಸೈರನ್ ಆದ ತಕ್ಷಣ ಕೈ ತೊಳೆದು ಓಡದಿದ್ದರೆ ಗಾಡಿ ತಪ್ಪುತ್ತದೆ. ಅದನ್ನೂ ಸೇರಿಸಿದರೆ ನಷ್ಟ 3,600.

‘ಓ.ಟಿ. ಮಾಡ್ತಿದ್ದಾಗ್ಲೂ ಮನೇಲಿ ಇರ್ತಿರ್ಲಿಲ್ವಲ್ಲ ರೀ, ಅದನ್ಯಾಕೆ ಬರೀಬೇಕು?’ ಎಂದು ಆಕೆ ಆ ಸಾಲನ್ನು ಹೊಡೆದುಹಾಕಿದ್ದಾರೆ. ಗಂಡ ಮತ್ತೆ ಬರೆದಿದ್ದಾರೆ. ನೋಟ್‌ಬುಕ್ಕಿನಲ್ಲಿ ಎರಡೂ ಕಾಣುತ್ತದೆ.

ಹಾಗಾದರೆ ವಾಪಸು ಹೋಗಬಾರದೇ? ಎಂದರೆ ಇಬ್ಬರೂ ಸುಮ್ಮನಾಗುತ್ತಾರೆ. ಅತ್ತೆಗೆ ಒಂದು ಮಂಚ ಹಾಕಲು ಜಾಗ ಸಿಕ್ಕಿದೆ. ಚಿಕ್ಕವನಿಗೆ ಬೆಂಗಳೂರಿನಲ್ಲಿ ಸದಾ ಇದ್ದ ಕೆಮ್ಮು ಇಲ್ಲಿ ಇಲ್ಲ ಅನ್ನುತ್ತಾರೆ. ಸಂಜೆ ಬಾಗಿಲು ತೆಗೆದಿಟ್ಟುಕೊಂಡು ಕೂರಬಹುದು. ಇದಕ್ಕೆಲ್ಲ ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ.

ಮೇಲೆ ಹೋದರೆ ಪೀಣ್ಯ ತಪ್ಪುತ್ತದೆ

ಬಸ್ಸಿನವರ ಬವಣೆ ಬೇರೆಯೇ ತರಹದ್ದು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಬರ ಇಲ್ಲ, ಒಂದರ ಹಿಂದೆ ಒಂದು ಹೊರಡುತ್ತವೆ. ಆದರೆ ಪೀಣ್ಯ, ದಾಸರಹಳ್ಳಿ ಕಡೆ ಕೆಲಸದವರು ಹತ್ತುವ ಮೊದಲು ಕಂಡಕ್ಟರನ್ನು ಕೇಳುವ ಪ್ರಶ್ನೆ ಒಂದೇ: ‘ಸಾರ್, ಮೇಲಾ ಕೆಳಗಾ?’ ಮೇಲೆ ಅಂದರೆ ಫ್ಲೈಓವರ್. ಮೇಲೆ ಹೋದ ಬಸ್ಸು ನಾಗಸಂದ್ರದ ಹತ್ತಿರ ಏರಿದರೆ ಗೊರಗುಂಟೆಪಾಳ್ಯದಲ್ಲೇ ಇಳಿಯುವುದು. ಪೀಣ್ಯ ಕಾಲ ಕೆಳಗೇ ಹಾದುಹೋಗುತ್ತದೆ, ಇಳಿಯಲಾಗುವುದಿಲ್ಲ! ಕೆಳಗೆ ಹೋದರೆ ಎಂಟನೇ ಮೈಲಿಯಿಂದ ಶುರುವಾದ ಟ್ರಾಫಿಕ್ಕು ಮುಗಿಯುವಷ್ಟರಲ್ಲಿ ಸೈರನ್ ಆಗಿರುತ್ತದೆ.

ಇದೇ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷ ಕಂಡು ಮುಚ್ಚಿತು. 2022ರ ಫೆಬ್ರವರಿಯಲ್ಲಿ ಕಾರು ಬೈಕುಗಳಿಗೆ ಬಿಟ್ಟರು. ಬಸ್ಸು ಲಾರಿಗಳಿಗೆ ದಾರಿ ಸಿಗಲು 2024 ಬಂತು. ಎರಡು ವರ್ಷಕ್ಕೂ ಮೇಲ್ಪಟ್ಟು ತುಮಕೂರಿನ ಬಸ್ ಪ್ರಯಾಣಿಕರು ಕೆಳಗಿನ ರಸ್ತೆಯಲ್ಲೇ ತೆವಳಿದರು. ಆ ಸಮಯದಲ್ಲಿ ‘ಒಂದೂವರೆ ಗಂಟೆ ದಾರಿ’ ಎಂದು ನಂಬಿ ಮನೆ ಬದಲಾಯಿಸಿದವರ ಪಾಡು ಕೇಳುವವರಿರಲಿಲ್ಲ. ಬಾಡಿಗೆ ಕರಾರು ಮನೆ ಮಾಲೀಕನ ಜೊತೆ ಇರುತ್ತದೆ. ರಸ್ತೆಯ ಜೊತೆ ಯಾರಿಗೂ ಕರಾರಿಲ್ಲ.

ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣದ ಕತೆಯೂ ನೆನಪಿರಬೇಕು. ಈ ಕಡೆಯಿಂದ ಬರುವ ಬಸ್ಸುಗಳಿಗೆಂದು ಕಟ್ಟಿ 2014ರಲ್ಲಿ ತೆರೆದರು. ಜನ ಒಪ್ಪಲಿಲ್ಲ, ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿನ ದಾರಿ ಹಿಡಿದವು. ಈಗ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ನಾಗಸಂದ್ರ ದಾಟಿ ಮಾದಾವರದ ತನಕ ಬಂದಿದೆ. ಬಸ್ಸಿನಲ್ಲಿ ಬಂದು ಮಾದಾವರದಲ್ಲಿ ಇಳಿದು ಮೆಟ್ರೋ ಹಿಡಿದರೆ ಟ್ರಾಫಿಕ್ಕಿನಿಂದ ಬಚಾವು, ಜೇಬಿಗೆ ಮಾತ್ರ ಕತ್ತರಿ. ತುಮಕೂರಿಗೇ ಮೆಟ್ರೋ ಬರುತ್ತದೆ ಎಂಬ ಮಾತೂ ಬಜೆಟ್ಟಿನಲ್ಲಿ, ಭಾಷಣದಲ್ಲಿ ಓಡಾಡುತ್ತಿದೆ. ಮಾತು ಓಡಾಡಿದ್ದಕ್ಕೇ ಸೈಟಿನ ರೇಟು ಏರಿತು ಎನ್ನುವುದು ಬ್ರೋಕರುಗಳಿಗೆ ಗೊತ್ತಿರುವ ಸತ್ಯ.

ರೈಲಿನ ವಿಷಯಕ್ಕೆ ಬಂದರೆ, ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜಾಯಿತು, ಜೋಡಿ ಹಳಿ ಆಯಿತು, ಕರೆಂಟು ಬಂತು. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ ಎಂದು ಕಣ್ಣು ಮುಚ್ಚಿಕೊಂಡೇ ಹೇಳುವ ಪಾಸಿನವರಿದ್ದಾರೆ. ಇಪ್ಪತ್ತು ವರ್ಷದಿಂದ ಒಂದೇ ಬೋಗಿ, ಒಂದೇ ಕಿಟಕಿ. ಕರ್ಚೀಫು ಹಾಕಿ ಸೀಟು ಹಿಡಿಯುವುದು, ನಾಲ್ಕು ಜನ ಮಂಡಿ ಮೇಲೆ ಟವೆಲ್ ಹಾಸಿ ಇಸ್ಪೀಟು, ಅವರೆಕಾಯಿ ಕಾಲದಲ್ಲಿ ಹೆಂಗಸರ ಕಡೆಯಿಂದ ಹಿತುಕಿದ ಬೇಳೆಯ ವಾಸನೆ. ಮನೆಗೆ ಬಂದು ಹಿತುಕುತ್ತಾ ಕೂತರೆ ರಾತ್ರಿ ಹನ್ನೆರಡಾಗುತ್ತದಲ್ಲ! ಚೀಟಿ, ಹೆಣ್ಣು ಗಂಡು ಹುಡುಕುವುದು, ರಿಟೈರಾದವರಿಗೆ ಶಾಲು ಹೊದಿಸುವುದು ಎಲ್ಲ ಬೋಗಿಯಲ್ಲೇ. ಇದು ಕಷ್ಟ ಮಾತ್ರ ಎಂದು ಹೇಳಿದರೆ ಆ ಜನ ಒಪ್ಪುವುದಿಲ್ಲ.

ಆದರೆ 2020ರ ಮಾರ್ಚ್‌ನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತಾಗ ಈ ಜನಕ್ಕೆ ಕೈಕಾಲು ಬಿದ್ದುಹೋಗಿತ್ತು. ಲಾಕ್‌ಡೌನ್ ತೆರೆದು ಕೆಲಸ ಶುರುವಾದ ಮೇಲೂ ಪಾಸು ಬಹಳ ಕಾಲ ಸಿಗಲಿಲ್ಲ. ಆಗ ಬಸ್ಸಿಗೆ ದುಡ್ಡು ಸುರಿದವರು, ನಾಲ್ಕು ಜನ ಸೇರಿ ಪೀಣ್ಯದಲ್ಲಿ ರೂಮು ಮಾಡಿ ಭಾನುವಾರಕ್ಕೊಮ್ಮೆ ಮನೆ ಮುಖ ನೋಡಿದವರು ಈಗಲೂ ಅದನ್ನು ಮರೆತಿಲ್ಲ. ಅಗ್ಗದ ಮನೆ ಎಂಬುದು ಒಂದು ಗಾಡಿಯ ಮೇಲೆ ನಿಂತಿರುತ್ತದೆ ಎಂದು ಆಗ ಗೊತ್ತಾಯಿತು.

ಕೆಲವರಿಗೆ ಲೆಕ್ಕ ಕೂಡಿ ಬರುವುದೂ ಉಂಟು. ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಗುಮಾಸ್ತೆಯೊಬ್ಬರು ಸರಸ್ವತಿಪುರಂನ ಸ್ವಂತ ಮನೆಯಿಂದ ಓಡಾಡುತ್ತಾರೆ. ಆಫೀಸು ಹತ್ತು ಗಂಟೆಗೆ. ಮಕ್ಕಳು ಕಾಲೇಜಿಗೆ ಬಂದಾಗಿದೆ. ಕೆಂಪು ಬಸ್ಸಿನಲ್ಲಿ ಜೀರೋ ಟಿಕೆಟ್. ‘ನೆಲಮಂಗಲದ ತನಕ ನಿಂತ್ಕೊಂಡ್ ಹೋಗ್ತೀನಿ ಕಣ್ರೀ, ಆಮೇಲೆ ಸೀಟು ಸಿಗುತ್ತೆ. ಬೆಂಗಳೂರಲ್ಲಿ ಇದೇ ತರ ಮನೆಗೆ ನನ್ನ ಅರ್ಧ ಸಂಬಳ ಹೋಗ್ತಿತ್ತು’ ಎನ್ನುತ್ತಾರೆ. ಅವರಿಗೆ ಬಾಡಿಗೆ ಇಲ್ಲ, ಟಿಕೆಟ್ ಇಲ್ಲ, ಹತ್ತು ನಿಮಿಷ ಲೇಟಾದರೆ ಅರ್ಧ ದಿನದ ಕೂಲಿ ಹಿಡಿಯುವ ಸೂಪರ್‌ವೈಸರೂ ಇಲ್ಲ. ಪೀಣ್ಯದ ಟರ್ನರಿಗೂ ಇವರಿಗೂ ದಾರಿ ಒಂದೇ, ಲೆಕ್ಕ ಬೇರೆ.

ಮಂಡಿಪೇಟೆಗೆ ತಟ್ಟಿದ ಬಿಸಿ

ಇದು ಪಾಸಿನವರ ತಲೆನೋವು, ನಮಗೇನು ಎಂದು ಅಂಗಡಿಯವರು ಸುಮ್ಮನಿರುವ ಹಾಗಿಲ್ಲ. ಬೆಂಗಳೂರಿನಿಂದ ಬಾಡಿಗೆಗೆ ಬಂದವರು ಎಂಟು ಸಾವಿರ ಕೇಳಿದರೂ ಅಗ್ಗವೆಂದು ಒಪ್ಪುತ್ತಾರೆ. ಆರು ಸಾವಿರಕ್ಕೆ ಹತ್ತು ವರ್ಷದಿಂದ ಇದ್ದ ಊರಿನವನು ಎಲ್ಲಿಗೆ ಹೋಗಬೇಕು?

ಮಂಡಿಪೇಟೆಯ ಅಂಗಡಿಯೊಂದರಲ್ಲಿ ತೂಕ ಹಾಕುವ ಒಬ್ಬ ನೌಕರ ಕಳೆದ ವರ್ಷ ಮನೆ ಖಾಲಿ ಮಾಡಿ ಹೆಬ್ಬೂರಿಗೆ ಹೋದ. ಸುಮಾರು ಇಪ್ಪತ್ತು ಕಿಲೋಮೀಟರು. ಸಂಬಳ 13,000. ಬಾಡಿಗೆಯಲ್ಲಿ ಎರಡು ಸಾವಿರ ಉಳಿಯಿತು. ಆದರೆ ರಾತ್ರಿ ಬಸ್ಸು ಹಿಡಿಯಬೇಕಾದರೆ ಎಂಟಕ್ಕೇ ಅಂಗಡಿ ಬಿಡಬೇಕು. ಪಾಸಿನವರು ಗಾಡಿ ಇಳಿದು ಸಾಮಾನಿಗೆ ಬರುವುದು ಎಂಟರ ಮೇಲೆ! ವ್ಯಾಪಾರ ಏರುವ ಹೊತ್ತಿಗೆ ತಕ್ಕಡಿ ಮುಂದೆ ಜನ ಇಲ್ಲ. ‘ಶೆಟ್ರೇ, ಬಸ್ ತಪ್ಪಿದ್ರೆ ಬೈಕಿಗೆ ಪೆಟ್ರೋಲ್ ನೀವೇ ಹಾಕಿಸ್ಬೇಕಾಗುತ್ತೆ’ ಎಂದು ಅವನು. ‘ಹಂಗಾದ್ರೆ ಬೆಳಿಗ್ಗೆ ಒಂದು ಗಂಟೆ ಮುಂಚೆ ಬಾರಪ್ಪ’ ಎಂದು ಇವರು. ಕಡೆಗೆ ಮಾಲೀಕರೇ ಮಗನನ್ನು ಕರೆದು ರಾತ್ರಿ ತಕ್ಕಡಿಗೆ ಕೂರಿಸಿದ್ದಾರೆ. ಲಗ್ಗೆರೆಯವನು ತುಮಕೂರಿಗೆ, ತುಮಕೂರಿನವನು ಹೆಬ್ಬೂರಿಗೆ. ಹೆಬ್ಬೂರಿನವನು ಎಲ್ಲಿಗೆ ಎಂದು ಕೇಳಿದರೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗುವ ವಿಷಯವೇನಲ್ಲ.

ಸ್ಟೇಷನ್ ಕಡೆಯ ಅಂಗಡಿಗಳಿಗೆ ಮಾತ್ರ ಇದು ಸುಗ್ಗಿ. ಒಬ್ಬ ಪ್ರಾವಿಜನ್ ಸ್ಟೋರ್ಸಿನವರು ಮಧ್ಯಾಹ್ನ ಎರಡರಿಂದ ಐದು ಬಾಗಿಲು ಹಾಕಿ ಮಲಗಿಬಿಡುತ್ತಾರೆ, ರಾತ್ರಿ ಹತ್ತೂವರೆ ತನಕ ತೆರೆದಿರುತ್ತಾರೆ. ಹಾಲು, ಬ್ರೆಡ್ಡು, ಕೊತ್ತಂಬರಿ ಸೊಪ್ಪು, ಮಕ್ಕಳ ಡ್ರಾಯಿಂಗ್ ಶೀಟು. ಪಾಸಿನವರು ಚೌಕಾಸಿ ಮಾಡುವುದಿಲ್ಲ, ಮಾಡಲು ಅವರಿಗೆ ತ್ರಾಣ ಇರುವುದಿಲ್ಲ ಎನ್ನುವುದು ಅವರ ಅನುಭವ.

ಭಾನುವಾರದ ಸೈಟು

ಬಾಡಿಗೆಯ ಗೋಳು ಸಾಕಾದವರಿಗೆ ಕಾಣುವ ಮೂರನೇ ದಾರಿ ಸೈಟು. ಡಾಬಸ್‌ಪೇಟೆ, ನೆಲಮಂಗಲದ ಸುತ್ತಮುತ್ತ ಬಣ್ಣದ ಬಾವುಟ ನೆಟ್ಟ ಬಯಲುಗಳನ್ನು ರೈಲಿನ ಕಿಟಕಿಯಿಂದಲೇ ನೋಡಬಹುದು. ಟರ್ನರ್ ದಂಪತಿಯೂ ಒಂದು ಭಾನುವಾರ ಹೋಗಿ ಬಂದರು. ಬ್ರೋಕರ್ ಕಾರು ಕಳಿಸಿದ, ಊಟ ಹಾಕಿಸಿದ. ‘ಅಣ್ಣಾ, ಹೈವೇಗೆ ಐದೇ ನಿಮಿಷ’ ಎಂದ. ಕಾರಿನಲ್ಲಿ ಐದು ನಿಮಿಷ ಹೌದು. ನಡೆದರೆ ಐವತ್ತು.

ಆಕೆ ಅಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಕನ್ವರ್ಷನ್ ಆಗಿದೆಯಾ? 9-11 ಬಂದಿದೆಯಾ? ಬ್ರೋಕರ್ ತಲೆ ಕೆರೆದುಕೊಂಡು ‘ಪ್ರೋಸೆಸ್‌ನಲ್ಲಿದೆ ಅಕ್ಕಾ, ಸದ್ಯಕ್ಕೆ ಅಗ್ರಿಮೆಂಟ್, ಜಿ.ಪಿ.ಎ. ಮಾಡ್ಕೊಡ್ತೀವಿ’ ಎಂದ. ಅಲ್ಲಿಗೆ ಮಾತು ಮುಗಿಯಿತು. ಜಿ.ಪಿ.ಎ. ಮಾರಾಟದಿಂದ ಆಸ್ತಿಯ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ವ್ಯವಸಾಯದ ಜಮೀನಾಗಿದ್ದರೆ ಭೂಪರಿವರ್ತನೆ ಆಗಬೇಕು, ಲೇಔಟಿಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇರಬೇಕು, ಗ್ರಾಮ ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ಸಬ್ ರಿಜಿಸ್ಟ್ರಾರ್ ಕಡೆಯಿಂದ ಋಣಭಾರ ಪತ್ರ ತೆಗೆಸಿ ನೋಡಬೇಕು. ಇವಿಲ್ಲದ ಸೈಟು ಅಗ್ಗ ಯಾಕೆ ಎಂದು ಕೇಳುವುದೇ ಬೇಡ, ಬ್ಯಾಂಕಿನವರು ಅಂಥದ್ದಕ್ಕೆ ಸಾಲದ ಮಾತೇ ಎತ್ತುವುದಿಲ್ಲ.

ಕಾಗದ ಎಲ್ಲ ಸರಿ ಇದ್ದರೂ ಭಾನುವಾರ ಮಧ್ಯಾಹ್ನ ಸೈಟು ನೋಡುವುದು ಶುದ್ಧ ದಡ್ಡತನ. ನೋಡಬೇಕಾದ್ದು ಸೋಮವಾರ ಬೆಳಿಗ್ಗೆ ಆರಕ್ಕೆ, ಮತ್ತು ಅದೇ ದಿನ ರಾತ್ರಿ ಎಂಟೂವರೆಗೆ. ಕೆಲಸದ ಜಾಗದಿಂದ ಬಸ್ಸು ಹಿಡಿದು, ಇಳಿದು, ಆ ಮಣ್ಣುದಾರಿಯಲ್ಲಿ ಕೈಯಲ್ಲೊಂದು ತರಕಾರಿ ಚೀಲ ಹಿಡಿದು ನಡೆಯಬೇಕು. ಬೀದಿದೀಪ ಇದೆಯೋ, ನಾಯಿ ಎಷ್ಟಿವೆ, ಕೊನೇ ಬಸ್ಸು ನಿಜವಾಗಿ ಬರುತ್ತದೋ ಎಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಒಬ್ಬ ಕಟಿಂಗ್ ಶಾಪಿನವರು ಹೀಗೆ ಮೂರು ಸಂಜೆ ನಡೆದು ನೋಡಿ, ಕೊಟ್ಟ ಹತ್ತು ಸಾವಿರ ಟೋಕನ್ ಅಡ್ವಾನ್ಸು ಹೋದರೆ ಹೋಗಲಿ ಎಂದು ಬಿಟ್ಟುಬಂದಿದ್ದಾರೆ.

ಭೋಗ್ಯಕ್ಕೆ ಮನೆ ಹಾಕಿಸಿಕೊಳ್ಳುವವರೂ ಇದ್ದಾರೆ. ಒಟ್ಟಿಗೆ ಲಕ್ಷಾಂತರ ಕೊಟ್ಟರೆ ಬಾಡಿಗೆ ಇಲ್ಲ ಎನ್ನುವುದು ಕೇಳಲು ಸಕ್ಕರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದರೆ? ಋಣಭಾರ ಪತ್ರ ನೋಡದೆ, ಪತ್ರ ರಿಜಿಸ್ಟರ್ ಮಾಡಿಸದೆ ಬರೀ ಛಾಪಾ ಕಾಗದದ ಮೇಲೆ ದುಡ್ಡು ಕೊಟ್ಟು ಕೋರ್ಟು ಅಲೆಯುತ್ತಿರುವವರು ಈ ಊರಿನಲ್ಲೂ ಕಡಿಮೆಯಿಲ್ಲ.

ಹಿರೇಹಳ್ಳಿಯ ಲೇಥು

ಹಿಂದೆ ಈ ಊರಿನಲ್ಲಿ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿ ಇತ್ತು. ಮನೆ ಊಟ, ಮನೆ ನಿದ್ದೆ, ಊರೊಳಗೇ ಕೆಲಸ. ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು, ಇಲ್ಲಿನ ಜಾಗ ಆಮೇಲೆ ಇಸ್ರೋ ಪಾಲಾಯಿತು. ಈಗ ಕೆಲಸ ಬೇಕಾದವರಿಗೆ ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಿವೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಶುರುವಾಗಿದೆ. ಕೆಲಸ ಇಲ್ಲ ಎಂದಲ್ಲ, ಸಂಬಳ ಪೀಣ್ಯದಷ್ಟಿಲ್ಲ ಎನ್ನುವುದೇ ಎಲ್ಲರ ದೂರು.

ಟರ್ನರ್ ಮನೆಗೆ ಈ ತಿಂಗಳು ಹೊಸ ತಾಪತ್ರಯ ಬಂತು. ಹನ್ನೊಂದು ತಿಂಗಳ ಕರಾರು ಮತ್ತೊಮ್ಮೆ ಮುಗಿಯಿತು. ಮಾಲೀಕರು ಕಾಂಪೌಂಡಿನಲ್ಲಿ ನಿಂತು, ‘ಏನಪ್ಪಾ, ಮುಂದಿನ ತಿಂಗಳಿಂದ ಏಳೂವರೆ ಮಾಡ್ಕೋ. ಬೆಂಗಳೂರೋರು ಎಂಟು ಕೊಡ್ತೀನಿ ಅಂತ ಬಾಗಿಲಲ್ಲಿ ನಿಂತವ್ರೆ’ ಎಂದರು. ‘ನಾನೂ ಬೆಂಗಳೂರಿಗೇ ಹೋಗೋನಲ್ವಾ ಸ್ವಾಮಿ’ ಎಂದು ಇವರು ಹೇಳಬೇಕೆಂದುಕೊಂಡರಂತೆ, ಹೇಳಲಿಲ್ಲ. ನೋಟ್‌ಬುಕ್ಕಿನ ನಷ್ಟ 3,600ರಿಂದ 5,100ಕ್ಕೆ ಏರಿತು.

ಆ ರಾತ್ರಿ ಊಟದ ಮೇಲೆ ಆಕೆ ಹೊಸ ಹಾಳೆ ತಿರುವಿದರು.

‘ಹಿರೇಹಳ್ಳೀಲಿ ನಿಮ್ಮ ಫ್ರೆಂಡು ಹೇಳಿದ್ರಲ್ಲ, ಎಷ್ಟು ಕೊಡ್ತಾರಂತೆ?’

‘ಹದಿನೇಳೂವರೆ. ಇಲ್ಲಿ ಇಪ್ಪತ್ತೊಂದು ಬರ್ತಾ ಇದೆ ಕಣೇ. ಒಂಬತ್ತು ವರ್ಷ ಆಯ್ತು ಅಲ್ಲಿ.’

‘ಹೇಳಿ, ಬರೀತೀನಿ.’

ಸಂಬಳದಲ್ಲಿ 3,500 ಕಡಿಮೆ. ಓಡಾಟದ 2,100 ಉಳಿಯುತ್ತದೆ, ಸ್ಕೂಟರಿನ ಪೆಟ್ರೋಲಿಗೆ 900 ಹೋಗುತ್ತದೆ. ಕೂಡಿ ಕಳೆದರೆ ತಿಂಗಳಿಗೆ 2,300 ಕಮ್ಮಿ. ಹೋಗಲು ಇಪ್ಪತ್ತೈದು ನಿಮಿಷ, ಬರಲು ಇಪ್ಪತ್ತೈದು. ಲಗ್ಗೆರೆಯಲ್ಲಿದ್ದಷ್ಟೇ. ಅಂದರೆ ಆ 91 ಗಂಟೆ ವಾಪಸು. ಆಕೆ ಭಾಗಾಕಾರ ಮಾಡಿದರು. ಗಂಟೆಗೆ 25 ರೂಪಾಯಿ. ಬಾಡಿಗೆ ಉಳಿಸಲು ಹೋಗಿ ಗಂಟೆಗೆ 32 ರೂಪಾಯಿಗೆ ಮಾರಿದ್ದ ಹೊತ್ತನ್ನು 25ಕ್ಕೆ ಕೊಂಡುಕೊಂಡ ಹಾಗೆ! ಅವರು ಮನೆಯಲ್ಲಿದ್ದರೆ ಈಕೆ ಅಂತರಸನಹಳ್ಳಿಯ ಕಡೆ ಪಾರ್ಟ್‌ಟೈಮ್ ಹೊಲಿಗೆ ಕೆಲಸ ಹಿಡಿಯಬಹುದು, ಅದನ್ನಿನ್ನೂ ಬರೆದಿಲ್ಲ.

ಗಂಡನ ಚಿಂತೆ ಬೇರೆ. ಪೀಣ್ಯದಲ್ಲಿ ಒಂಬತ್ತು ವರ್ಷದ ಸರ್ವೀಸು, ಬಿಟ್ಟರೆ ಗ್ರಾಚ್ಯುಟಿ ಕೈಗೆ ಬರಲು ಎಷ್ಟು ದಿನ ಅಲೆಸುತ್ತಾರೋ. ಅಲ್ಲಿ ಅವರ ಲೇಥು ಅವರಿಗೆ ಗೊತ್ತು, ಕಣ್ಣು ಮುಚ್ಚಿ ಸೆಟ್ಟಿಂಗ್ ಮಾಡುತ್ತಾರೆ. ಹಿರೇಹಳ್ಳಿಯ ಶೆಡ್ಡು ನಾಳೆ ಮುಚ್ಚಿದರೆ? ಪೀಣ್ಯದಲ್ಲಾದರೆ ಒಂದು ಬಾಗಿಲು ಮುಚ್ಚಿದರೆ ಎದುರಿಗೆ ಹತ್ತು ಬಾಗಿಲು. ಈ ಮಾತನ್ನು ತೆಗೆದುಹಾಕುವಂತಿಲ್ಲ. ಕೆಲಸ ಹತ್ತಿರ ಇರುವುದು ಒಂದು, ಹತ್ತಿರದಲ್ಲಿ ಇನ್ನೊಂದು ಕೆಲಸ ಇರುವುದು ಇನ್ನೊಂದು. ಬೆಂಗಳೂರು ಜನರನ್ನು ಹಿಡಿದಿಟ್ಟಿರುವುದೇ ಹಾಗೆ.

ಆದರೂ ಹೋದ ಶನಿವಾರ ಪೀಣ್ಯಕ್ಕೆ ರಜೆ ಹೇಳಿ ಹಿರೇಹಳ್ಳಿಗೆ ಹೋದರು. ಅಲ್ಲಿನ ಮಾಲೀಕರು ಒಂದು ಡ್ರಾಯಿಂಗ್ ಕೈಗೆ ಕೊಟ್ಟು ‘ಒಂದು ಪೀಸ್ ತೆಗೀರಿ ನೋಡೋಣ’ ಎಂದರು. ಮೂರು ಗಂಟೆ ನಿಂತು ತೆಗೆದರು. ಮಾಲೀಕರು ಮೈಕ್ರೋಮೀಟರ್ ಹಿಡಿದು ಮೂರು ಕಡೆ ಅಳೆದು, ಏನೂ ಹೇಳದೆ ಪೀಸನ್ನು ಟೇಬಲ್ ಮೇಲಿಟ್ಟು, ‘ಒಂದನೇ ತಾರೀಖು ಬರ್ತೀರಾ?’ ಎಂದರು. ಸೋಮವಾರ ಹೇಳುತ್ತೇನೆಂದು ಬಂದರು. ಮಧ್ಯಾಹ್ನ ಎರಡಕ್ಕೆಲ್ಲ ಮನೆ. ಚಿಕ್ಕವನು ‘ಅಪ್ಪಾ ಹುಷಾರಿಲ್ವಾ?’ ಎಂದು ಕೇಳಿದನಂತೆ. ಹಗಲಿನಲ್ಲಿ ಅಪ್ಪ ಮನೆಗೆ ಬಂದರೆ ಜ್ವರ ಎಂದೇ ಅವನಿಗೆ ಗೊತ್ತಿರುವುದು.

ಸೋಮವಾರ ಬೆಳಿಗ್ಗೆ ಯಥಾಪ್ರಕಾರ ಸ್ಟೇಷನ್ನು. ಪಾಸು ಅಂದೇ ಮುಗಿಯುವುದಿತ್ತು. ಮೂರು ತಿಂಗಳದ್ದು ತೆಗೆದರೆ ಸ್ವಲ್ಪ ಉಳಿಯುತ್ತದೆ, ಮೂರು ಮಂತ್ಲಿ ಪಾಸಿನ ದುಡ್ಡು ಆಗುವುದಿಲ್ಲ. ಎರಡು ವರ್ಷದಿಂದಲೂ ಅವರು ತೆಗೆಯುತ್ತಿದ್ದುದು ಅದನ್ನೇ. ಹಿಂದೆ ಸಾಲು ಬೆಳೆದಿತ್ತು, ಗಾಡಿ ಕ್ಯಾತ್ಸಂದ್ರದ ಕಡೆಗೆ ಹೊರಡಲು ಹತ್ತು ನಿಮಿಷವಿತ್ತು.

‘ಕ್ವಾರ್ಟರ್ಲಿ ತಾನೇ?’ ಎಂದರು ಕೌಂಟರಿನವರು, ಮುಖ ನೋಡಿದ ಪರಿಚಯದಲ್ಲಿ.

‘ಬೇಡಿ ಸಾರ್, ಒಂದು ತಿಂಗಳಿಗೆ ಕೊಡಿ’ ಎಂದರು.